ಬೂತಾಯಿ ಎಲ್ಲಿ ಹೋಯಿತು, ಅದು ನಮಗೆ ಹೇಗೆ ಗೊತ್ತು?

ಜುಲೈ ಕೊನೆಯ ವಾರ. ಮಂಗಳೂರಿನ ದಕ್ಕೆಯಲ್ಲಿ, ಅಂದರೆ ಮೀನುಗಾರಿಕಾ ಬಂದರಿನಲ್ಲಿ, ಬೋಟುಗಳು ಒಂದಕ್ಕೊಂದು ಒರಗಿ ನಿಂತಿದ್ದವು. ಜೂನ್ 1ರಿಂದ ಜುಲೈ 31ರ ತನಕ, ಒಟ್ಟು 61 ದಿನ, ಪಶ್ಚಿಮ ಕರಾವಳಿಯ ಯಾಂತ್ರೀಕೃತ ಬೋಟುಗಳು ಕಡಲಿಗೆ ಇಳಿಯುವಂತಿಲ್ಲ. ಹಾಗಾಗಿ ನಮ್ಮ ರಸ್ತೆಯ ಮೀನಿನ ಅಕ್ಕನ ಬುಟ್ಟಿಯಲ್ಲಿ ನಾಡದೋಣಿಯವರು ತಂದದ್ದು ಸ್ವಲ್ಪ, ಹೊರಗಿನಿಂದ ಐಸಿನಲ್ಲಿ ಬಂದದ್ದು ಸ್ವಲ್ಪ. ನೂರು ರೂಪಾಯಿಗೆ ನಾಲ್ಕೇ ಬಂಗುಡೆ. ಬೂತಾಯಿ (ಮತ್ತಿ ಮೀನು, ಇಂಗ್ಲಿಷಿನ ಸಾರ್ಡಿನ್) ಇಲ್ವಾ ಅಕ್ಕ ಅಂದೆ. "ಎಲ್ಲಿಯ ಬೂತಾಯಿ ಮಾಷ್ಟ್ರೇ" ಅಂದರು.

ಅಷ್ಟೇ ಸಾಕಾಯಿತು. ಪಕ್ಕದಲ್ಲಿದ್ದ ರಿಕ್ಷಾದವರು, ಲೈಟ್ ಫಿಶಿಂಗಿನವರು ಕಡಲನ್ನೇ ಗುಡಿಸಿ ಹಾಕಿದ್ದಾರೆ ಅಂದರು. ಬ್ಯಾಂಕಿನಿಂದ ನಿವೃತ್ತರಾದ ಹಿರಿಯರೊಬ್ಬರು, ಇದೆಲ್ಲ ಹವಾಮಾನದ್ದು, ಸಮುದ್ರ ಬಿಸಿಯಾಗಿದೆ ಅಂದರು. ಇನ್ನೊಬ್ಬರು ಕಾರ್ಖಾನೆಯ ನೀರು ಅಂದರು. ಮತ್ತೊಬ್ಬರು, ದೈವಕ್ಕೆ ಸಲ್ಲಬೇಕಾದದ್ದು ಸಲ್ಲದಿದ್ದರೆ ಇನ್ನೆಂತ ಆಗುತ್ತದೆ ಮಾರಾಯ್ರೇ ಅಂದರು. ಐದು ನಿಮಿಷದಲ್ಲಿ ಮಾತು ಮೀನನ್ನು ಬಿಟ್ಟು ಯಾವ ಪಕ್ಷದವರು ಏನು ತಿಂದರು ಅನ್ನುವಲ್ಲಿಗೆ ಹೋಯಿತು. ಎಲ್ಲರ ಉತ್ತರವೂ ಖಚಿತ. "ಅದು ನಿಮಗೆ ಹೇಗೆ ಗೊತ್ತು" ಎಂದು ಒಬ್ಬರೂ ಇನ್ನೊಬ್ಬರನ್ನು ಕೇಳಲಿಲ್ಲ. ನಾನೂ ಕೇಳಲಿಲ್ಲ. ಬಂಗುಡೆ ಕಟ್ಟಿಸಿಕೊಂಡು ಮನೆಗೆ ಬಂದೆ.

ಆ ಕೇಳದೆ ಉಳಿದ ಪ್ರಶ್ನೆಯ ಬಗ್ಗೆ ಈ ಲೇಖನ. ನಮಗೆ ಒಂದು ವಿಷಯ ಗೊತ್ತಿದೆ ಅನ್ನುವುದಕ್ಕೆ ಏನು ಆಧಾರ? ಗೊತ್ತಿರುವುದು ಹೆಚ್ಚುತ್ತಾ ಹೋಗುವುದು ಹೇಗೆ? ತತ್ವಶಾಸ್ತ್ರದವರು ಇದಕ್ಕೆ ಜ್ಞಾನಮೀಮಾಂಸೆ ಅನ್ನುತ್ತಾರೆ. ಹೆಸರು ಭಾರ, ವಿಷಯ ಅಷ್ಟೇನಲ್ಲ. ನಾವು ದಿನಾ ಮಾಡುವ ಜಗಳಗಳಲ್ಲೇ ಅದು ಇದೆ.

ವಾದ, ಜಲ್ಪ, ವಿತಂಡ

ತುಳುವಿನ ಆಟಿ ತಿಂಗಳು (ಜುಲೈ-ಆಗಸ್ಟ್) ಬಂತೆಂದರೆ ನಮ್ಮ ಕಡೆ ತಾಳಮದ್ದಳೆಯ ಕಾಲ. ನೋಡದವರಿಗೆ ಹೇಳುವುದಾದರೆ, ಅದು ಯಕ್ಷಗಾನವೇ, ಆದರೆ ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಪದ ಹೇಳುತ್ತಾರೆ. ಅರ್ಥಧಾರಿಗಳು ಕುಳಿತಲ್ಲೇ ಪಾತ್ರವಾಗಿ ಮಾತಾಡುತ್ತಾರೆ. ಮಾತು ಮೊದಲೇ ಬರೆದಿಟ್ಟದ್ದಲ್ಲ. ಎದುರಿನವರು ಏನು ಕೇಳುತ್ತಾರೋ ಅದಕ್ಕೆ ಅಲ್ಲಿಯೇ ಉತ್ತರ ಹುಟ್ಟಬೇಕು. ಶೇಣಿ ಗೋಪಾಲಕೃಷ್ಣ ಭಟ್ಟರ ವಾಲಿಯನ್ನು ಕೇಳಿದ ಹಿರಿಯರು ಈಗಲೂ ಅದರ ಮಾತು ಎತ್ತುತ್ತಾರೆ. ಮರೆಯಲ್ಲಿ ನಿಂತು ಬಾಣ ಬಿಟ್ಟದ್ದು ಯಾವ ಧರ್ಮ ಎಂದು ವಾಲಿ ಕೇಳಿದಾಗ ರಾಮ ಬೆವರಬೇಕು.

ನನಗೆ ಇದರಲ್ಲಿ ಇಷ್ಟದ ಸಂಗತಿ ಬೇರೆ. ಈ ವಾರ ವಾಲಿಯಾಗಿ ರಾಮನನ್ನು ಕಟ್ಟಿಹಾಕಿದವರೇ ಮುಂದಿನ ವಾರ ಇನ್ನೊಂದು ಊರಿನಲ್ಲಿ ರಾಮನಾಗಿ ಕೂರಬಹುದು. ಆಗ ತಾನೇ ಎಸೆದ ಪ್ರಶ್ನೆಗೆ ತಾನೇ ಉತ್ತರ ಹುಡುಕಬೇಕು. ಉತ್ತರ ಕೊಡುವ ಮೊದಲು ಎದುರಿನ ಪಕ್ಷವನ್ನು ಅದರ ಪೂರ್ತಿ ಬಲದಲ್ಲಿ ಹೇಳುವುದಕ್ಕೆ ನಮ್ಮ ಶಾಸ್ತ್ರಗಳಲ್ಲಿ ಪೂರ್ವಪಕ್ಷ ಎಂಬ ಹೆಸರೇ ಇದೆ.

ನ್ಯಾಯಶಾಸ್ತ್ರ (ಕೋರ್ಟಿನದ್ದಲ್ಲ, ನಮ್ಮ ಹಳೆಯ ತರ್ಕಶಾಸ್ತ್ರ) ಚರ್ಚೆಯಲ್ಲಿ ಮೂರು ಬಗೆ ಹೇಳುತ್ತದೆ. ನಿಜ ತಿಳಿಯಬೇಕೆಂದು ಮಾಡುವುದು ವಾದ. ಗೆಲ್ಲಬೇಕೆಂದು ಮಾಡುವುದು ಜಲ್ಪ. ತನ್ನದು ಅಂತ ಯಾವ ಪಕ್ಷವೂ ಇಲ್ಲದೆ ಎದುರಿನವರದ್ದನ್ನು ಕೆಡವುವುದಷ್ಟೇ ಕೆಲಸವಾದರೆ ಅದು ವಿತಂಡ. ಮೂರನೆಯದು ನಮ್ಮ ಆಡುಮಾತಿಗೇ ಇಳಿದು ವಿತಂಡವಾದ ಆಗಿದೆ. ಬಹುಶಃ ಅದಕ್ಕೇ ಬಳಕೆ ಜಾಸ್ತಿ. ತಾಳಮದ್ದಳೆಯೂ ಎಷ್ಟೋ ಸಲ ಚಪ್ಪಾಳೆಗಾಗಿ ಜಲ್ಪಕ್ಕೆ ಜಾರುತ್ತದೆ ಅನ್ನಿ. ರಾತ್ರಿ ಒಂಬತ್ತರ ಟಿವಿ ಚರ್ಚೆ ಯಾವುದಕ್ಕೆ ಸೇರುತ್ತದೆ ಎಂದು ನೀವೇ ಹೇಳಿ.

ಬುದ್ಧಿವಂತರ ಜಿಲ್ಲೆ

ಒಂದು ವಿವರಣೆ ಒಳ್ಳೆಯದೋ ಪೊಳ್ಳೋ ಎಂದು ತಿಳಿಯುವುದು ಹೇಗೆ? ನಮ್ಮ ಹೆಮ್ಮೆಯ ಮೇಲೆಯೇ ಪ್ರಯೋಗ ಮಾಡೋಣ. ಎಸ್ಸೆಸ್ಸೆಲ್ಸಿ ಫಲಿತಾಂಶದಲ್ಲಿ 2024ರಲ್ಲಿ ಉಡುಪಿ ಮೊದಲು, ದಕ್ಷಿಣ ಕನ್ನಡ ಎರಡನೆಯದು. 2025ರಲ್ಲಿ ದಕ್ಷಿಣ ಕನ್ನಡ ಮೊದಲು, ಉಡುಪಿ ಎರಡನೆಯದು. ಕಾರಣ ಕೇಳಿದರೆ ಉತ್ತರ ನಾಲಗೆಯ ತುದಿಯಲ್ಲೇ ಇರುತ್ತದೆ: ಇದು ಬುದ್ಧಿವಂತರ ಜಿಲ್ಲೆ.

ಆದರೆ 2023ರಲ್ಲಿ ಮೊದಲು ಬಂದದ್ದು ಚಿತ್ರದುರ್ಗ. ನಮ್ಮ ಎರಡೂ ಜಿಲ್ಲೆ ಮೊದಲ ಹತ್ತರಲ್ಲೂ ಇರಲಿಲ್ಲ. ಒಂದು ವರ್ಷದ ಮಟ್ಟಿಗೆ ಬುದ್ಧಿ ಎಲ್ಲಿಗೆ ಹೋಗಿತ್ತು? ಆ ವರ್ಷ ನಮ್ಮವರ ಉತ್ತರ ಬೇರೆ: ಉಳಿದ ಕಡೆ ಕಾಪಿ ನಡೆದಿರಬೇಕು. ಅಂದರೆ ಮೊದಲು ಬಂದರೆ ನಮ್ಮ ಬುದ್ಧಿ, ಹಿಂದೆ ಬಿದ್ದರೆ ಬೇರೆಯವರ ಕಾಪಿ. ಈ ವಿವರಣೆ ಸೋಲುವುದೇ ಇಲ್ಲ. ಅದೇ ಅದರ ಕಾಯಿಲೆ. ಏನಾದರೂ ಸರಿ, ಒಂದು ಸ್ಕ್ರೂ ತಿರುಗಿಸಿ ಕೂರಿಸಿಬಿಡಬಹುದು. 2024ರಲ್ಲಿ ಪರೀಕ್ಷಾ ಕೋಣೆಗಳಿಗೆ ವೆಬ್‌ಕಾಸ್ಟಿಂಗ್ ಬಂತು, ಆ ವರ್ಷವೇ ನಾವು ಮೇಲೆ ಬಂದೆವು, ನೋಡಿ ಎಂದು ಯಾರಾದರೂ ಹೇಳಬಹುದು. ಇದು ಕಾಪಿಯ ಮಾತಿಗೆ ಸ್ವಲ್ಪ ಬಲ ಕೊಡುತ್ತದೆ, ಒಪ್ಪೋಣ. ಹುಟ್ಟಾ ಬುದ್ಧಿಯ ಮಾತಿಗೆ ಅದರಿಂದ ಏನೂ ಸಿಗುವುದಿಲ್ಲ.

ಆಕ್ಸ್‌ಫರ್ಡಿನ ಭೌತವಿಜ್ಞಾನಿ ಡೇವಿಡ್ ಡಾಯ್ಚ್ ಒಳ್ಳೆಯ ವಿವರಣೆಗೆ ಒಂದು ಗುರುತು ಹೇಳುತ್ತಾರೆ. ಅದನ್ನು ಬೇಕಾದ ಹಾಗೆ ತಿರುಚಲು ಆಗಬಾರದು. ಒಂದು ಭಾಗ ಕಿತ್ತರೆ ಪೂರ್ತಿ ಬೀಳಬೇಕು. ಇದೇ ಫಲಿತಾಂಶಕ್ಕೆ ಬೇರೆ ಬಗೆಯ ವಿವರಣೆಯೂ ಉಂಟು. 1834ರಲ್ಲಿ ಬಾಸೆಲ್ ಮಿಶನ್ ಎಂಬ ಕ್ರೈಸ್ತ ಸಂಸ್ಥೆ ಮಂಗಳೂರಿಗೆ ಬಂತು, ಶಾಲೆ ಬಂತು, ಮುದ್ರಣ ಬಂತು, 1843ರಲ್ಲಿ ಕನ್ನಡದ ಮೊದಲ ಪತ್ರಿಕೆ ಬಂತು. 1974ರ ಭೂಸುಧಾರಣೆಯಲ್ಲಿ ಗೇಣಿದಾರರು ಒಡೆಯರಾದರು. ಮನೆ ಮನೆಯಲ್ಲಿ ಹೆಂಗಸರ ಕೈಗೆ ಬೀಡಿಯ ದುಡ್ಡು ಬಂತು. ಇದು ಸರಿಯೋ ತಪ್ಪೋ, ಆದರೆ ಇದನ್ನು ಹಿಡಿದು ಪರೀಕ್ಷಿಸಬಹುದು. ಬೀಡಿಯ ದುಡ್ಡು ಕಾರಣವಾಗಿದ್ದರೆ ಬೀಡಿ ಕಟ್ಟುವ ಊರಿನ ಹುಡುಗಿಯರು ಶಾಲೆಯಲ್ಲಿ ಜಾಸ್ತಿ ವರ್ಷ ಉಳಿದಿರಬೇಕು. ಉಳಿದಿಲ್ಲದಿದ್ದರೆ ಆ ಮಾತನ್ನು ಬಿಡಬೇಕು. ಸುಮ್ನೆ ಬುದ್ಧಿವಂತರು ಅಂದರೆ ಬಿಡುವುದಕ್ಕೂ ಅಲ್ಲಿ ಏನೂ ಇಲ್ಲ.

ಬಿಡಬೇಕಾಗಿ ಬರಬಹುದು ಅನ್ನುವ ಈ ಅಪಾಯವನ್ನೇ ಜ್ಞಾನದ ಗುರುತಾಗಿ ಇಟ್ಟವರು ತತ್ವಜ್ಞಾನಿ ಕಾರ್ಲ್ ಪಾಪರ್. 1902ರಲ್ಲಿ ವಿಯೆನ್ನಾದಲ್ಲಿ ಹುಟ್ಟಿದವರು. ಅವರೇ ಹೇಳಿಕೊಂಡ ಒಂದು ಕತೆ ಇದೆ. 1919ರಲ್ಲಿ, ಇನ್ನೂ ಹುಡುಗನಾಗಿದ್ದಾಗ, ಆಲ್ಫ್ರೆಡ್ ಆಡ್ಲರ್ ಎಂಬ ದೊಡ್ಡ ಮನಶ್ಶಾಸ್ತ್ರಜ್ಞರ ಮುಂದೆ ಒಂದು ಮಗುವಿನ ಪ್ರಕರಣ ಇಟ್ಟರು. ಮಗುವನ್ನು ನೋಡದೆಯೇ ಆಡ್ಲರ್ ಎಲ್ಲ ವಿವರಿಸಿದರು. ಇಷ್ಟು ಖಚಿತವಾಗಿ ಹೇಗೆ ಹೇಳುತ್ತೀರಿ ಅಂದರೆ, ಸಾವಿರ ಪ್ರಕರಣಗಳ ಅನುಭವ ಅಂದರಂತೆ. ಹಾಗಾದರೆ ಈಗ ಸಾವಿರದ ಒಂದಾಯಿತು ಅಂದರು ಪಾಪರ್.

ಅದೇ ವರ್ಷದ ಮೇ 29ರಂದು ಸೂರ್ಯಗ್ರಹಣ. ನಕ್ಷತ್ರದ ಬೆಳಕು ಸೂರ್ಯನ ಬಳಿ ಇಂತಿಷ್ಟೇ ಬಾಗುತ್ತದೆ ಎಂದು ಐನ್‌ಸ್ಟೈನ್ ಮೊದಲೇ ಲೆಕ್ಕ ಕೊಟ್ಟಿದ್ದರು. ಅಷ್ಟು ಬಾಗದಿದ್ದರೆ ಅವರ ಸಿದ್ಧಾಂತ ಮುಗಿಯಿತು. ಬಾಗಿತು. ಪಾಪರ್ ಕಣ್ಣಿಗೆ ಬಿದ್ದದ್ದು ಐನ್‌ಸ್ಟೈನ್ ಗೆದ್ದರು ಅನ್ನುವುದಕ್ಕಿಂತ ಸೋಲುವುದಕ್ಕೆ ತಯಾರಾಗಿ ನಿಂತಿದ್ದರು ಅನ್ನುವುದು.

ಮತ್ತೆ ಬುಟ್ಟಿಯ ಹತ್ತಿರ

ಈಗ ಮೀನಿಗೆ ಬರೋಣ. ಬೆಳಕು ಹಾಕಿ ಮೀನು ಸೇರಿಸಿ ಬಾಚುವುದು ಲೈಟ್ ಫಿಶಿಂಗ್. ಎರಡು ಬೋಟು ಸೇರಿ ಒಂದೇ ಬಲೆ ಎಳೆಯುವುದು ಬುಲ್ ಟ್ರಾಲಿಂಗ್. ಎರಡನ್ನೂ ಕೇಂದ್ರ ಸರಕಾರ 2017ರ ನವೆಂಬರಿನಲ್ಲಿ ನಿಷೇಧಿಸಿದೆ. ರಿಕ್ಷಾದವರ ಮಾತಿನಲ್ಲಿ ಹುರುಳಿದೆ. ಆದರೆ ಬೂತಾಯಿ ಮಾಯವಾಗುವುದಕ್ಕೆ ಅದೊಂದೇ ಕಾರಣವಾಗಿದ್ದರೆ, ಬೆಳಕಿನ ಬೋಟು ಇಲ್ಲದ ಕಾಲದಲ್ಲಿ ಬೂತಾಯಿ ಮಾಯವಾಗಿರಬಾರದು. ಆಗಿತ್ತು. 1940ರ ದಶಕದ ಮೊದಲಲ್ಲೇ ಈ ಕರಾವಳಿಯಲ್ಲಿ ಬೂತಾಯಿಗೆ ಬರ ಬಂದಿತ್ತು. ನಮ್ಮ ಜಿಲ್ಲೆ ಆಗ ಮದ್ರಾಸಿಗೆ ಸೇರಿತ್ತು. ಮದ್ರಾಸ್ ಸರಕಾರ 1943ರಲ್ಲಿ ಕೆಲವು ಬಲೆಗಳ ಮೇಲೆ, ಮರಿ ಮೀನು ಹಿಡಿಯುವುದರ ಮೇಲೆ ಕಟ್ಟುಪಾಡು ತಂದಿತು. ಕೆಲವು ವರ್ಷದಲ್ಲಿ ಅದನ್ನು ಕೈಬಿಟ್ಟಿತು. ಆಗ ಇಲ್ಲಿ ಟ್ರಾಲ್ ಬೋಟೂ ಇರಲಿಲ್ಲ.

ಹಾಗಾದರೆ ನಿವೃತ್ತ ಬ್ಯಾಂಕಿನವರು ಗೆದ್ದರಾ? ಅಷ್ಟು ಸುಲಭವಲ್ಲ. ಕೇರಳದಲ್ಲಿ 2012ರಲ್ಲಿ ಸುಮಾರು 4 ಲಕ್ಷ ಟನ್ ಬೂತಾಯಿ ಸಿಕ್ಕಿತ್ತು. 2021ರಲ್ಲಿ ಸಿಕ್ಕಿದ್ದು ಸುಮಾರು 3,300 ಟನ್. ಬೂತಾಯಿ ಎರಡು ಮೂರು ವರ್ಷ ಬದುಕುವ ಮೀನು. ಮಳೆಗಾಲದಲ್ಲಿ ಕಡಲಡಿಯ ತಣ್ಣನೆ ನೀರು ಮೇಲೆ ಬಂದು, ಪಾಚಿಯಂಥ ಸಣ್ಣ ಜೀವಿಗಳು ಹುಟ್ಟಿ, ಅದನ್ನು ತಿಂದು ಮರಿ ಬೆಳೆಯಬೇಕು. ಒಂದೆರಡು ಮಳೆಗಾಲ ಕೈಕೊಟ್ಟರೆ ಲೆಕ್ಕ ಕುಸಿಯುತ್ತದೆ. ಅಂಥ ಹೊತ್ತಿನಲ್ಲಿ ಉಳಿದ ಮರಿಯನ್ನೂ ಬಾಚಿ, ಪುಡಿಗಟ್ಟಿ ಫಿಶ್‌ಮೀಲ್ ಮಾಡಿದರೆ ಮೀನು ಚೇತರಿಸಿಕೊಳ್ಳುವುದು ಹೇಗೆ? ಬೀಳಿಸಿದ್ದು ಹವಾಮಾನ, ಏಳಲು ಬಿಡದಿದ್ದದ್ದು ಬಲೆ ಆಗಿರಬಹುದು.

ಇದನ್ನೂ ಹಿಡಿದು ನೋಡಬಹುದು. ಅತಿಯಾಗಿ ಹಿಡಿದದ್ದೇ ಕಾರಣವಾದರೆ ದಕ್ಕೆಗೆ ಬರುವ ಮೀನಿನ ಗಾತ್ರ ವರ್ಷದಿಂದ ವರ್ಷಕ್ಕೆ ಸಣ್ಣದಾಗುತ್ತದೆ. ಮೊಟ್ಟೆಯ ಹಂತದಲ್ಲೇ ಹಾಳಾಗಿದ್ದರೆ ಮರಿಗಳೇ ಕಾಣುವುದಿಲ್ಲ. ಕೇಂದ್ರ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯ ಕೇಂದ್ರ ಮಂಗಳೂರಿನಲ್ಲೂ ಇದೆ. ಅಲ್ಲಿಯವರು ದಕ್ಕೆಗೆ ಬಂದು ಮೀನನ್ನು ಅಳೆಯುವುದು ಇಂಥದ್ದಕ್ಕೇ.

ದೈವದ ಮಾತು? ಅದನ್ನು ಅಳೆಯುವ ಕೋಲು ನನ್ನಲ್ಲಿಲ್ಲ. ಕಡಲಿನಿಂದ ತೆಗೆದುಕೊಳ್ಳುವವರು ಹೇಗೆ ನಡೆದುಕೊಳ್ಳಬೇಕು ಎಂಬ ಬೇರೆಯದೇ ಪ್ರಶ್ನೆಗೆ ಅದು ಉತ್ತರ ಎಂದು ನನಗೆ ಅನಿಸುತ್ತದೆ. ಏನು ಆಯಿತು ಅನ್ನುವುದು ಒಂದು, ಏನು ಆಗಬೇಕು ಅನ್ನುವುದು ಇನ್ನೊಂದು. ಎರಡನ್ನು ಬೆರೆಸಿದಲ್ಲೇ ಅರ್ಧ ಜಗಳ ಹುಟ್ಟುವುದು.

61 ದಿನದ ರಜೆಯೂ ಒಂದು ಊಹೆಯೇ. ತಪ್ಪಾಗಿದ್ದರೆ ಮುಂದಿನ ವರ್ಷ ದಿನ ಹೆಚ್ಚು ಕಡಿಮೆ ಮಾಡಬಹುದು. ಸಮಾಜವನ್ನು ತಿದ್ದುವುದಾದರೆ ಹೀಗೆ ಸಣ್ಣ ತುಂಡುಗಳಲ್ಲಿ, ಹಿಂದೆ ಬರಲು ದಾರಿ ಇಟ್ಟುಕೊಂಡು ತಿದ್ದಿ ಎಂದೇ ಪಾಪರ್ ಹೇಳಿದ್ದು. ಉಳ್ಳಾಲದ ಕಡಲ ಕೊರೆತಕ್ಕೆ ಮಳೆಗಾಲ ಬಂದಾಗಲೆಲ್ಲ ಕಲ್ಲು ಸುರಿಯುವುದನ್ನು ನೋಡಿದರೆ ಇದು ಅರ್ಥವಾಗುತ್ತದೆ. ಅಲೆ ಕಲ್ಲಿಗೆ ಬಡಿದು ಬುಡದ ಮರಳನ್ನು ಕೆರೆಯುತ್ತದೆ, ಕಲ್ಲು ಮುಗಿದಲ್ಲಿ ಪಕ್ಕದ ಮನೆಯ ದಂಡೆಯನ್ನು ತಿನ್ನುತ್ತದೆ. ಕಲ್ಲು ಮುಳುಗಿತು, ಹಾಗಾಗಿ ಇನ್ನಷ್ಟು ಕಲ್ಲು. ಸೋಲನ್ನು ಸೋಲು ಎಂದು ಬರೆದಿಡುವ ಪುಸ್ತಕ ಇಲ್ಲದಿದ್ದರೆ ಅದರಿಂದ ಕಲಿಯುವುದು ಎಲ್ಲಿಂದ?

ತಪ್ಪು ಮೊದಲು ಯಾರಿಗೆ ತಿಳಿಯುತ್ತದೆ?

ಇಲ್ಲಿಯವರೆಗೆ ಹೇಳಿದ್ದರಲ್ಲಿ ನನಗೆ ಒಂದು ಕೊರತೆ ಕಾಣುತ್ತದೆ. ತಪ್ಪಿನಿಂದ ಕಲಿಯುತ್ತಾ ಮುಂದೆ ಹೋಗುತ್ತೇವೆ ಅನ್ನುವುದು ಸರಿ. ಆದರೆ ತಪ್ಪಿನ ಬಿಲ್ ಯಾರ ಹೆಸರಿಗೆ ಬರುತ್ತದೆ?

ರಂಪಣಿ ಬಲೆ ನೆನಪಿರುವವರು ಈಗ ಕಡಿಮೆ. ದಡದಿಂದ ಹಾಕಿ ಊರೇ ಸೇರಿ ಎಳೆಯುತ್ತಿದ್ದ ದೊಡ್ಡ ಬಲೆ. ಸಿಕ್ಕಿದ್ದು ಪಾಲಾಗುತ್ತಿತ್ತು. 1970ರ ದಶಕದ ನಡುವಲ್ಲಿ ಪರ್ಸಿನ್ ಬೋಟು ಬಂತು. ಮೀನು ದಡಕ್ಕೆ ಬರುವ ಮೊದಲೇ ಹಿಂಡಿಗೆ ಹಿಂಡನ್ನೇ ಸುತ್ತುವ ಬಲೆ ಅದು. ಮೀನು ರಾಶಿ ಬಿತ್ತು, ಐಸ್ ಪ್ಲಾಂಟ್ ಬಂತು, ಮಲ್ಪೆ ಬಂದರು ಬೆಳೆಯಿತು. ರಂಪಣಿಯವರು ಬೀದಿಗಿಳಿದು ಪ್ರತಿಭಟಿಸಿದರು. ಕೆಲವೇ ವರ್ಷದಲ್ಲಿ ರಂಪಣಿ ಹಿಂದೆ ಸರಿಯಿತು. ಪರ್ಸಿನ್ ತಪ್ಪು, ರಂಪಣಿ ಸರಿ ಎಂದು ನಾನು ಹೇಳುತ್ತಿಲ್ಲ. ಇವತ್ತು ಪರ್ಸಿನಿನವರೇ ಮೀನಿಲ್ಲ ಅನ್ನುತ್ತಿದ್ದಾರೆ. ದಡದಲ್ಲಿ ಖಾಲಿ ಬಲೆ ಎಳೆದವರಿಗೆ ಅದು ಮೊದಲೇ ತಿಳಿದಿತ್ತು. ಅವರ ಮಾತು ಆಗ "ಪ್ರಗತಿಗೆ ಅಡ್ಡಗಾಲು" ಅನಿಸಿಕೊಂಡಿತು.

ಎಂಡೋಸಲ್ಫಾನ್ ಎಂಬ ಕೀಟನಾಶಕದ ಕತೆ ಇದಕ್ಕಿಂತ ಕಹಿ. ನಮ್ಮ ಜಿಲ್ಲೆಯ ಕೊಕ್ಕಡ ಸುತ್ತಿನ, ಗಡಿಯಾಚೆ ಕಾಸರಗೋಡಿನ ಗೇರು ತೋಟಗಳ ಮೇಲೆ ಸುಮಾರು ಎರಡು ದಶಕ ಹೆಲಿಕಾಪ್ಟರಿನಲ್ಲಿ ವಿಷ ಸುರಿದರು. ಜೇನು ಸತ್ತದ್ದು, ಕರು ಕಾಲು ತಿರುಚಿ ಹುಟ್ಟಿದ್ದು, ಮಕ್ಕಳಿಗೆ ಏನೋ ಆಗುತ್ತಿರುವುದು ಮೊದಲು ಕಂಡದ್ದು ಅಲ್ಲಿನ ತಾಯಂದಿರಿಗೆ, ಊರಿನ ವೈದ್ಯರಿಗೆ. ಪುರಾವೆ ಎಲ್ಲಿ ಎಂದು ಕೇಳಿದರು. ಕೇಳಬೇಕಾದ ಪ್ರಶ್ನೆಯೇ. ಆದರೆ ಪುರಾವೆ ಹುಡುಕುವ ಸಲಕರಣೆ ಇದ್ದವರು ಹುಡುಕಲಿಲ್ಲ, ಇಲ್ಲದವರನ್ನು ಕೇಳಿದರು. ಸುಪ್ರೀಂ ಕೋರ್ಟ್ ದೇಶದಲ್ಲಿ ಅದನ್ನು ತಡೆದದ್ದು 2011ರ ಮೇ 13ರಂದು.

ಇಲ್ಲಿ ನಮ್ಮ ಹಳಬರು ಸಹಾಯಕ್ಕೆ ಬರುತ್ತಾರೆ. ಉಡುಪಿಯ ಹತ್ತಿರದ ಪಾಜಕದಲ್ಲಿ ಹುಟ್ಟಿದ ಮಧ್ವಾಚಾರ್ಯರು, ಇದ್ದದ್ದನ್ನು ಇದ್ದ ಹಾಗೆ ತಿಳಿಸುವುದೇ ಪ್ರಮಾಣ ಅಂದರು. ಪ್ರತ್ಯಕ್ಷ (ಕಂಡದ್ದು), ಅನುಮಾನ (ಕಂಡದ್ದರಿಂದ ತರ್ಕಿಸಿ ತಿಳಿದದ್ದು), ಆಗಮ (ನಂಬಬಹುದಾದ ಮಾತು) ಎಂದು ಅದಕ್ಕೆ ಮೂರು ದಾರಿ. ಅವರ ಪರಂಪರೆಯಲ್ಲಿ ಇನ್ನೊಂದು ಸೂಕ್ಷ್ಮ ಇದೆ. ತಿಳಿವು ತನ್ನಿಂದ ತಾನೇ ನಂಬಿಕೆಗೆ ಅರ್ಹ, ತಪ್ಪು ಅನ್ನುವುದಕ್ಕೆ ಮಾತ್ರ ಒಂದು ದೋಷ ತೋರಿಸಬೇಕು. ಎಲ್ಲವನ್ನೂ ಸಂಶಯದಿಂದ ನೋಡಿ ಎನ್ನುವ ಪಾಪರಿಗೆ ಇದು ತೀರಾ ಉಲ್ಟಾ ಅನಿಸಬಹುದು. ನನಗೆ ಎರಡೂ ಬೇಕು. ಹೆಲಿಕಾಪ್ಟರಿನವರ ಮಾತಿಗೆ ಪಾಪರ್, ತಾಯಂದಿರ ಮಾತಿಗೆ ಮಧ್ವರು. ಆಗಮ ಅಂದರೆ ಅವರಿಗೆ ಮುಖ್ಯವಾಗಿ ವೇದ, ನಾನು ಅವರ ಮಾತನ್ನು ಗೇರು ತೋಟಕ್ಕೆ ಎಳೆದು ತಂದಿದ್ದೇನೆ, ಗೊತ್ತು.

ನ್ಯಾಯದವರು ಇನ್ನೂ ನೇರ. ಒಬ್ಬರ ಮಾತು ಪ್ರಮಾಣವಾಗಬೇಕಾದರೆ ಅವರು ಆಪ್ತರಾಗಿರಬೇಕು. ಆಪ್ತ ಅಂದರೆ ವಿಷಯವನ್ನು ಸ್ವತಃ ಕಂಡವರು, ಕಂಡ ಹಾಗೆ ಹೇಳಬೇಕೆಂಬ ಮನಸ್ಸಿರುವವರು. ಈ ಲಕ್ಷಣ ಋಷಿಗಳಿಗೂ ಆರ್ಯರಿಗೂ ಮ್ಲೇಚ್ಛರಿಗೂ ಒಂದೇ ಎಂದು ನ್ಯಾಯಸೂತ್ರಕ್ಕೆ ವಾತ್ಸ್ಯಾಯನ ಬರೆದ ಭಾಷ್ಯ ಸ್ಪಷ್ಟವಾಗಿ ಹೇಳುತ್ತದೆ. ಹುಟ್ಟು ಕೇಳಬೇಡಿ, ಕಂಡಿದ್ದಾರಾ ಕೇಳಿ.

ಆಡಲು ಕಷ್ಟದ ಮಾತುಗಳು

ಮೀನು, ಕಲ್ಲು, ಕೀಟನಾಶಕ ಸರಿ, ಧರ್ಮದ ಜಗಳಕ್ಕೆ ಇದೆಲ್ಲ ನಡೆಯುತ್ತದಾ ಎಂದು ನೀವು ಕೇಳಬಹುದು. ಪೂರ್ತಿ ನಡೆಯುವುದಿಲ್ಲ. ಆದರೂ ಗಂಟನ್ನು ಸ್ವಲ್ಪ ಸಡಿಲಿಸಬಹುದು. ಉಡುಪಿಯ ಸರಕಾರಿ ಕಾಲೇಜೊಂದರಲ್ಲಿ ಶುರುವಾದ ಹಿಜಾಬ್ ವಿವಾದವನ್ನೇ ನೋಡಿ. 2022ರ ಮಾರ್ಚ್ 15ರಂದು ಹೈಕೋರ್ಟ್ ಸಮವಸ್ತ್ರದ ಬಗ್ಗೆ ಸರಕಾರ ಹೊರಡಿಸಿದ ಆದೇಶವನ್ನು ಎತ್ತಿಹಿಡಿಯಿತು. ಅಕ್ಟೋಬರ್ 13ರಂದು ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು ಒಂದಕ್ಕೊಂದು ವಿರುದ್ಧವಾದ ಎರಡು ತೀರ್ಪು ಕೊಟ್ಟರು. ಇದರಲ್ಲಿ ಕನಿಷ್ಠ ಮೂರು ಪ್ರಶ್ನೆ ಹೆಣೆದುಕೊಂಡಿವೆ. ಒಂದೇ ಬಟ್ಟೆ ಹಾಕಿದರೆ ತರಗತಿಯಲ್ಲಿ ಸಮಾನತೆ ಹೆಚ್ಚುತ್ತದಾ? ಎಷ್ಟು ಹುಡುಗಿಯರು ಕಾಲೇಜು ಬಿಟ್ಟರು? ಇವೆರಡನ್ನು ಎಣಿಸಿ ನೋಡಬಹುದು. ಕಾಲೇಜು ಎಂಥ ಜಾಗವಾಗಿರಬೇಕು ಅನ್ನುವುದು ಎಣಿಕೆಯಿಂದ ತೀರ್ಮಾನವಾಗುವುದಿಲ್ಲ. ಮಾತಾಡಿ, ಕೇಳಿ, ಹೊಂದಿಕೊಂಡು ತೀರ್ಮಾನಿಸಬೇಕು. ನಾವು ಮಾಡಿದ್ದು ಎಣಿಸಬೇಕಾದಲ್ಲಿ ಕೂಗಿದ್ದು. ಎರಡೂ ಕಡೆಯ ಮೈಕುಗಳ ಮುಂದೆ ದೊಡ್ಡವರೇ ಜಾಸ್ತಿ ಇದ್ದರು. ವರ್ಷ ಕಳೆದುಕೊಳ್ಳುವವರು ಹುಡುಗಿಯರು.

ನಮ್ಮ ಊರಿನಲ್ಲೇ ಒಂದು ಹಳೆಯ ಪ್ರಯೋಗ ಇದೆ. ದಲಿತ ಮಕ್ಕಳಿಗೆ ವಿದ್ಯೆ ಹತ್ತುವುದಿಲ್ಲ ಎಂದು ಒಂದು ಕಾಲದಲ್ಲಿ ಓದಿದವರೂ ನಂಬಿದ್ದರು. ಕಲಿತವರು ಯಾರಾದರೂ ಇದ್ದಾರಾ ತೋರಿಸಿ ಅನ್ನುತ್ತಿದ್ದರು. ಶಾಲೆಯೊಳಗೇ ಬಿಡದೆ ತೋರಿಸಿ ಅಂದರೆ? ಮಂಗಳೂರಿನ ವಕೀಲ ಕುದ್ಮುಲ್ ರಂಗರಾಯರು 1892ರಲ್ಲಿ ಆ ಮಕ್ಕಳಿಗಾಗಿ ಶಾಲೆ ತೆರೆದರು. 1897ರಲ್ಲಿ ಡಿಪ್ರೆಸ್ಡ್ ಕ್ಲಾಸಸ್ ಮಿಶನ್ ಕಟ್ಟಿದರು. ಸ್ವಂತ ಜಾತಿಯವರು ಅವರಿಗೆ ಬಹಿಷ್ಕಾರ ಹಾಕಿದರು. ಮಕ್ಕಳು ಓದಿದರು. ನೂರಾರು ವರ್ಷದ ಆ "ಗೊತ್ತಿದ್ದದ್ದು" ಒಂದು ಸಣ್ಣ ಶಾಲೆಯ ಹಾಜರಿ ಪುಸ್ತಕದ ಎದುರು ನಿಲ್ಲಲಿಲ್ಲ.

ಮರುದಿನ ಮೀನಿನ ಅಕ್ಕನ ಹತ್ತಿರ ಮತ್ತೆ ಹೋದೆ. ನಿನ್ನೆ ಅಷ್ಟು ಜನ ಮಾತಾಡಿದರಲ್ಲ, ನೀವು ಮಾತ್ರ ಸುಮ್ಮನಿದ್ದಿರಿ, ಬೂತಾಯಿ ಯಾಕಿಲ್ಲ ಅಂತ ನಿಮಗೆ ಅನಿಸುತ್ತದೆ ಅಂದೆ. ಬಂಗುಡೆಯ ತಲೆ ಕತ್ತರಿಸುತ್ತಾ ಅವರು ಹೇಳಿದರು: "ನನ್ನನ್ನು ಯಾರು ಕೇಳಿದ್ರು? ಈ ಸಲ ಮಳೆ ಬಿಟ್ಟು ಬಿಟ್ಟು ಬಂದದ್ದು. ಕಡಲು ಸರಿ ಕಲಕಿಲ್ಲ. ನನ್ನ ಲೆಕ್ಕದಲ್ಲಿ ಸೋಣ ತಿಂಗಳಲ್ಲೂ ಬೂತಾಯಿ ಬರುವುದಿಲ್ಲ. ಬಂತು ಅಂತಾದರೆ ನಾನು ಹೇಳಿದ್ದು ಸುಳ್ಳು, ನಿಮಗೆ ಒಂದು ಕಿಲೋ ಸುಮ್ನೆ ಕೊಡ್ತೇನೆ."

ಸೋಣ, ಅಂದರೆ ಆಟಿಯ ನಂತರದ ತಿಂಗಳು, ಶುರುವಾಗಲು ಇನ್ನು ಮೂರು ವಾರ ಇದೆ. ಅವರ ಮಾತನ್ನು ತಾರೀಕು ಹಾಕಿ ಕ್ಯಾಲೆಂಡರಿನಲ್ಲಿ ಬರೆದಿಟ್ಟಿದ್ದೇನೆ.